ಇಂಡಸ್ಟ್ರಿಯಲ್ ಸಂಗೀತ ಕ್ಯಾಸೆಟ್‌ಗೇ ಯಾಕೆ ಅಂಟಿಕೊಂಡಿತು?

1980ರ ಸುಮಾರಿಗೆ ಲಂಡನ್ನಿನ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅನ್ನುವ ಪುಟ್ಟ ಲೇಬಲ್ (ಸಂಗೀತ ಹೊರಗೆ ತರುವ ಸಂಸ್ಥೆ) ಒಂದು ವಿಚಿತ್ರ ಸಾಮಾನು ಮಾರಾಟಕ್ಕಿಟ್ಟಿತು. ಒಂದು ಬ್ರೀಫ್‌ಕೇಸು, ಅದರೊಳಗೆ 24 ಕ್ಯಾಸೆಟ್. ಒಂದೊಂದೂ ಸುಮಾರು ಒಂದು ಗಂಟೆಯದ್ದು. ಥ್ರಾಬಿಂಗ್ ಗ್ರಿಸಲ್ ಅನ್ನುವ ತಂಡ ವೇದಿಕೆ ಮೇಲೆ ಮಾಡಿದ ಗದ್ದಲವನ್ನೆಲ್ಲ ಹೆಚ್ಚು ಕಡಿಮೆ ಇದ್ದ ಹಾಗೇ ಹಿಡಿದಿಟ್ಟ ಟೇಪುಗಳು ಅವು. ಇದನ್ನು ಗ್ರಾಮಫೋನ್ ಪ್ಲೇಟ್ ಆಗಿ ತರಬೇಕು ಅಂದಿದ್ದರೆ ಇಪ್ಪತ್ತಕ್ಕೂ ಜಾಸ್ತಿ ಪ್ಲೇಟು ಒತ್ತಿಸಬೇಕಿತ್ತು. ಅಷ್ಟು ದುಡ್ಡು ಯಾರೂ ಹಾಕುತ್ತಿರಲಿಲ್ಲ. ಕೊಳ್ಳುವವರೂ ಬೆರಳೆಣಿಕೆಯಷ್ಟೇ.

ಕ್ಯಾಸೆಟ್ ಆದ್ದರಿಂದ ಅದು ಆಯಿತು. ಈ ಲೇಖನದ ಪ್ರಶ್ನೆ ಅಷ್ಟೇ: ಕಬ್ಬಿಣ ಬಡಿದ ಸದ್ದು, ಸಿಂಥಸೈಜರ್ ಕಿರುಚಾಟ, ರೇಡಿಯೊ ಗೊರಗೊರ, ಇಂಥದ್ದನ್ನೆಲ್ಲ ಸಂಗೀತ ಅಂತ ಮಾಡುವ ಜನ ಜಗತ್ತಿನ ಮೂಲೆ ಮೂಲೆಯಲ್ಲಿ ಕ್ಯಾಸೆಟ್ಟನ್ನೇ ಯಾಕೆ ಹಿಡಿದುಕೊಂಡರು? "ಅದರ ಸೌಂಡ್ ಬೆಚ್ಚಗಿರುತ್ತೆ" ಅಂತ ಇವತ್ತು ಹೇಳುವವರು ಜಾಸ್ತಿ. ನನಗೆ ಆ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಅವರು ಕ್ಯಾಸೆಟ್ ಹಿಡಿದದ್ದು ಅದು ಅಗ್ಗ ಅನ್ನುವ ಕಾರಣಕ್ಕೆ, ಮತ್ತು "ಇದು ಬೇಡ" ಅನ್ನುವ ಮನುಷ್ಯ ಮಧ್ಯದಲ್ಲಿ ಎಲ್ಲೂ ಇಲ್ಲ ಅನ್ನುವ ಕಾರಣಕ್ಕೆ. ಸೌಂಡಿನ ಮೇಲಿನ ಪ್ರೀತಿ ಆಮೇಲೆ ಹುಟ್ಟಿದ್ದು.

ಮೊದಲು ಆ ಸಂಗೀತದ ಬಗ್ಗೆ ಸ್ವಲ್ಪ

ಸದ್ದನ್ನು ಸಂಗೀತದ ಒಳಗೆ ತರುವ ಆಸೆ ಹಳೆಯದು. ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲೇ ಯಂತ್ರದ ಸದ್ದೂ ಸಂಗೀತಕ್ಕೆ ಸಲ್ಲುತ್ತೆ ಅಂತ ಘೋಷಣಾಪತ್ರ ಬರೆದ, ಸದ್ದು ಮಾಡುವ ಪೆಟ್ಟಿಗೆಗಳನ್ನೂ ಕಟ್ಟಿದ. 1948ರಲ್ಲಿ ಪ್ಯಾರಿಸ್ಸಿನ ಪಿಯರ್ ಶೆಫರ್ ರೈಲಿನ ಸದ್ದನ್ನು ರೆಕಾರ್ಡ್ ಮಾಡಿ, ತುಂಡು ಮಾಡಿ, ಜೋಡಿಸಿ ಕೃತಿ ಮಾಡಿದ. ಆದರೆ ಶೆಫರ್ ಕೆಲಸ ಮಾಡಿದ್ದು ಫ್ರೆಂಚ್ ರೇಡಿಯೊದ ಸ್ಟುಡಿಯೊದಲ್ಲಿ. ಅಂಥ ಯಂತ್ರಗಳು ಸಾಮಾನ್ಯ ಮನುಷ್ಯನ ಕೈಗೆ ಸಿಗುವಂಥವಲ್ಲ. ಸರ್ಕಾರಿ ರೇಡಿಯೊ ಅಥವಾ ವಿಶ್ವವಿದ್ಯಾಲಯ ಒಳಗೆ ಬಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಪ್ಪತ್ತರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಕೆಲವರು ಈ ಬಾಗಿಲನ್ನು ಬಿಟ್ಟು ಪಕ್ಕದ ಗೋಡೆ ಒಡೆದು ಒಳಗೆ ಬಂದರು. ಥ್ರಾಬಿಂಗ್ ಗ್ರಿಸಲ್‌ನಲ್ಲಿ ಇದ್ದವರು ನಾಲ್ವರು: ಜೆನೆಸಿಸ್ ಪಿ-ಆರಿಜ್, ಕೋಸಿ ಫ್ಯಾನಿ ಟುಟ್ಟಿ, ಪೀಟರ್ ಕ್ರಿಸ್ಟಫರ್‌ಸನ್, ಕ್ರಿಸ್ ಕಾರ್ಟರ್. ಇವರು ಸಂಗೀತ ಕಛೇರಿಯ ಸಂಪ್ರದಾಯದಿಂದ ಬಂದವರಲ್ಲ. ಕೌಮ್ ಟ್ರಾನ್ಸ್‌ಮಿಷನ್ಸ್ ಅನ್ನುವ ಪ್ರದರ್ಶನ ಕಲೆಯ ಗುಂಪಿನಿಂದ ಹುಟ್ಟಿದ ತಂಡ ಇದು. 1976ರಲ್ಲಿ ಲಂಡನ್ನಿನ ಐಸಿಎ ಗ್ಯಾಲರಿಯಲ್ಲಿ ಅವರು ಮಾಡಿದ ಪ್ರದರ್ಶನ ದೊಡ್ಡ ರಂಪ ಎಬ್ಬಿಸಿ ಪಾರ್ಲಿಮೆಂಟಿನವರೆಗೂ ಹೋಯಿತು. ಅದೇ ವರ್ಷ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಶುರುವಾಯಿತು. "ಇಂಡಸ್ಟ್ರಿಯಲ್ ಮ್ಯೂಸಿಕ್ ಫಾರ್ ಇಂಡಸ್ಟ್ರಿಯಲ್ ಪೀಪಲ್" ಅನ್ನುವ ಘೋಷವಾಕ್ಯ ಕೊಟ್ಟದ್ದು ಅಮೆರಿಕದ ಕಲಾವಿದ ಮಾಂಟಿ ಕಝಾಝ. ಒಂದು ಇಡೀ ಪ್ರಕಾರಕ್ಕೆ ಹೆಸರು ಬಂದದ್ದು ಹೀಗೆ. 1977ರ ಅವರ ಮೊದಲ ಪ್ಲೇಟು ಮೊದಲ ಸಲ ಒತ್ತಿಸಿದ್ದು ಬರೀ 785 ಪ್ರತಿ. ದುಡ್ಡು ಅಷ್ಟಕ್ಕೇ ಸಾಲುತ್ತಿತ್ತು.

ಶೆಫೀಲ್ಡ್‌ನಲ್ಲಿ ಇವರಿಗಿಂತ ಮೊದಲೇ, 1973ರಿಂದ, ಕ್ಯಾಬರೆ ವೋಲ್ಟೇರ್ ಅನ್ನುವ ಮೂವರ ತಂಡ ಮನೆಯ ಅಟ್ಟದಲ್ಲಿ ಕೂತು ಟೇಪ್ ರೆಕಾರ್ಡರ್ ಜೊತೆ ಆಟ ಆಡುತ್ತಿತ್ತು. ಆ ಅಟ್ಟ ಕ್ರಿಸ್ ವಾಟ್ಸನ್ ಅವರದ್ದು. ಹೊಟ್ಟೆಪಾಡಿಗೆ ಟೆಲಿಫೋನ್ ಎಂಜಿನಿಯರ್ ಆಗಿದ್ದವರು. (ಮುಂದೆ ಇದೇ ವಾಟ್ಸನ್ ಡೇವಿಡ್ ಅಟೆನ್‌ಬರೋ ಅವರ ಟಿವಿ ಸರಣಿಗಳಿಗೆ ಹಕ್ಕಿಗಳ ದನಿ ರೆಕಾರ್ಡ್ ಮಾಡಿ ಹೆಸರಾದರು. ಮೈಕ್ ಹಿಡಿದು ಕಾಯುವ ತಾಳ್ಮೆ ಎರಡೂ ಕಡೆ ಬೇಕಲ್ವಾ.) ಅವರ ಅಟ್ಟದ ಕಾಲದ ಟೇಪುಗಳು 1980ರಲ್ಲಿ ಹೊರಗೆ ಬಂದವು. ಬಂದದ್ದು ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದಲೇ, ಕ್ಯಾಸೆಟ್ ರೂಪದಲ್ಲೇ.

ಪೆಟ್ಟಿಗೆಯೊಳಗೆ ಏನಾಗುತ್ತೆ

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಬೇಕು. ಅದಿಲ್ಲದೆ ಈ ಸಂಗೀತ ಹೀಗೇ ಯಾಕೆ ಕೇಳಿಸುತ್ತೆ ಅನ್ನುವುದು ಬಗೆಹರಿಯುವುದಿಲ್ಲ.

ಕ್ಯಾಸೆಟ್ ಫಿಲಿಪ್ಸ್ ಕಂಪನಿಯದ್ದು. ಲೂ ಒಟೆನ್ಸ್ ಮುಂದಾಳತ್ವದ ತಂಡ ಅದನ್ನು ಮಾಡಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿತು. ಆಗ ಅದು ಸಂಗೀತಕ್ಕಿಂತ ಮಾತು ರೆಕಾರ್ಡ್ ಮಾಡುವ ಸಾಮಾನು. ಟೇಪಿನ ಅಗಲ 3.81 ಮಿಲಿಮೀಟರ್, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸ್ಟುಡಿಯೊದ ದೊಡ್ಡ ರೀಲು ಸಾಮಾನ್ಯವಾಗಿ ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತೆ, ಅಂದರೆ ಎಂಟು ಪಟ್ಟು. ಕ್ಯಾಸೆಟ್ಟಿನ ಆ ಸಣ್ಣ ಪಟ್ಟಿಯಲ್ಲಿ ನಾಲ್ಕು ದಾರಿ ಹಿಡಿಯಬೇಕು. ಸೈಡ್ ಎಗೆ ಎಡ ಮತ್ತು ಬಲ, ಸೈಡ್ ಬಿಗೆ ಎಡ ಮತ್ತು ಬಲ. ಒಂದೊಂದು ದಾರಿಗೆ ಸಿಗುವುದು ಸುಮಾರು 0.6 ಮಿಲಿಮೀಟರ್.

ಟೇಪಿನ ಮೇಲೆ ಇರುವುದು ಆಯಸ್ಕಾಂತವಾಗಬಲ್ಲ ಪುಡಿ, ಹೆಚ್ಚಾಗಿ ಕಬ್ಬಿಣದ ಆಕ್ಸೈಡ್. ಸಂಗೀತ ಅಂದರೆ ಈ ಪುಡಿಯ ಕಣಗಳು ಯಾವ ದಿಕ್ಕಿಗೆ ತಿರುಗಿವೆ ಅನ್ನುವ ದಾಖಲೆ. ಏನೂ ರೆಕಾರ್ಡ್ ಮಾಡದಿದ್ದರೂ ಕಣಗಳು ಅಡ್ಡಾದಿಡ್ಡಿ ದಿಕ್ಕಿಗೆ ಇರುತ್ತವಲ್ಲ, ಅದನ್ನೇ ಹೆಡ್ (ಯಂತ್ರದಲ್ಲಿ ಟೇಪಿಗೆ ತಾಗಿ ಅದನ್ನು ಓದುವ ಭಾಗ) ಓದಿದಾಗ "ಸುಯ್" ಅನ್ನುವ ಸದ್ದು ಬರುತ್ತೆ. ಪಟ್ಟಿ ಅಗಲವಾಗಿದ್ದು ವೇಗವಾಗಿ ಓಡಿದರೆ ಒಂದು ಕ್ಷಣಕ್ಕೆ ತುಂಬಾ ಕಣಗಳು ಸಿಗುತ್ತವೆ, ಅವುಗಳ ಅಡ್ಡಾದಿಡ್ಡಿತನ ಸರಾಸರಿಯಲ್ಲಿ ಅಡಗಿಹೋಗುತ್ತೆ. ಕ್ಯಾಸೆಟ್‌ನಲ್ಲಿ ಕಣಗಳೇ ಕಡಿಮೆ, ಹಾಗಾಗಿ ಸುಯ್ ಜಾಸ್ತಿ.

ಇದನ್ನು ಕಡಿಮೆ ಮಾಡಲು ಡಾಲ್ಬಿ ಬಂತು. ರೆಕಾರ್ಡ್ ಮಾಡುವಾಗ ಮೆಲು ದನಿಯ ಕೀರಲು ಭಾಗವನ್ನು ಎತ್ತುವುದು, ಕೇಳಿಸುವಾಗ ಅಷ್ಟನ್ನೇ ಇಳಿಸುವುದು, ಇಳಿಸುವಾಗ ಜೊತೆಗೆ ಸುಯ್ ಕೂಡ ಇಳಿಯುತ್ತೆ. ಜಾಣತನದ ಕೆಲಸ. ಆದರೆ ನೋಡಿ, ಈ ಯೋಚನೆಯ ಕೆಳಗೆ ಒಂದು ನಂಬಿಕೆ ಇದೆ. ಹಾಡು ಬೇರೆ, ಗದ್ದಲ ಬೇರೆ, ಎರಡನ್ನೂ ಬಿಡಿಸಬಹುದು ಅನ್ನುವ ನಂಬಿಕೆ. ಗದ್ದಲವನ್ನೇ ಬಂಡವಾಳ ಮಾಡಿಕೊಂಡವರಿಗೆ ಇದರಿಂದ ಏನು ಉಪಯೋಗ? ಸಿಂಥಸೈಜರ್‌ನಿಂದ ಬಂದ ಸುಯ್ ಯಾವುದು, ಟೇಪಿನದ್ದು ಯಾವುದು ಅಂತ ಕೇಳುವವನಿಗೆ ಗೊತ್ತಾಗದಿದ್ದರೆ ಅವರಿಗೆ ನಷ್ಟವೇನೂ ಇಲ್ಲ. ಪಿಯಾನೊ ರೆಕಾರ್ಡ್ ಮಾಡುವವನಿಗೆ ಕ್ಯಾಸೆಟ್ ತಲೆನೋವು, ಇವರಿಗೆ ಅಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಟೇಪಿಗೆ ಒಂದು ಮಿತಿಗಿಂತ ಜೋರಾಗಿ ಸದ್ದು ಕೊಟ್ಟರೆ ಕಣಗಳೆಲ್ಲ ಆಗಲೇ ತಿರುಗಿಬಿಟ್ಟಿರುತ್ತವೆ, ಇನ್ನು ತಿರುಗಲು ಏನೂ ಉಳಿದಿರುವುದಿಲ್ಲ. ಡಿಜಿಟಲ್‌ನಲ್ಲಿ ಮಿತಿ ಮೀರಿದರೆ ಅಲೆಯ ತುದಿ ಚಕ್ ಅಂತ ಕತ್ತರಿಸಿಹೋಗುತ್ತೆ. ಟೇಪಿನಲ್ಲಿ ಹಾಗಲ್ಲ, ತುದಿ ನಿಧಾನವಾಗಿ ಮೊಂಡಾಗುತ್ತೆ. ಜೋರು ದನಿ ಅದುಮಿಕೊಳ್ಳುತ್ತೆ, ಮೆಲು ದನಿ ಅದಕ್ಕೆ ಹತ್ತಿರ ಬರುತ್ತೆ, ಮೂಲದಲ್ಲಿ ಇಲ್ಲದ ಹೊಸ ಸ್ವರಗಳೂ ಸೇರಿಕೊಳ್ಳುತ್ತವೆ. ನಿಧಾನ ವೇಗದ ಟೇಪಿನಲ್ಲಿ ಕೀರಲು ಭಾಗ ಮೊದಲು ಸೋಲುತ್ತೆ. ಹಾಗಾಗಿ ಅಗ್ಗದ ಡ್ರಮ್ ಮಷೀನ್ ಒಂದನ್ನು ಮೀಟರಿನ ಮುಳ್ಳು ಕೆಂಪು ದಾಟಿ ನಿಲ್ಲುವಷ್ಟು ಜೋರಾಗಿ ಕ್ಯಾಸೆಟ್‌ಗೆ ತುಂಬಿದರೆ, ಟಿಕ್ ಟಿಕ್ ಅನ್ನುತ್ತಿದ್ದದ್ದು ದಪ್ಪನೆಯ ಧಡ್ ಧಡ್ ಆಗುತ್ತೆ. ಮ್ಯಾಡ್ರಿಡ್‌ನ ಎಸ್ಪ್ಲೆಂಡೋರ್ ಜಿಯೊಮೆಟ್ರಿಕೊ ತಂಡದ ಮೊದಲ ದಿನಗಳ ಟೇಪುಗಳನ್ನು ಕೇಳಿದರೆ ಈ ಧಡ್ ಧಡ್ ಏನು ಅಂತ ವಿವರಿಸುವುದೇ ಬೇಕಾಗಿಲ್ಲ.

ಜೊತೆಗೆ ಮೋಟಾರಿನ ಓಲಾಟ. ವೇಗ ಒಂದಿಷ್ಟು ಏರಿಳಿದರೆ ಶ್ರುತಿಯೂ ಏರಿಳಿಯುತ್ತೆ. ಒಂದೇ ಸ್ವರವನ್ನು ಹತ್ತು ನಿಮಿಷ ಹಿಡಿದಿಡುವ ತುಣುಕಿನಲ್ಲಿ ಈ ಓಲಾಟವೇ ಒಂದು ಚಲನೆಯಾಗುತ್ತೆ. ಪ್ರತಿಯಿಂದ ಪ್ರತಿ ತೆಗೆದಾಗ ಇವೆಲ್ಲ ಮತ್ತೆ ಮತ್ತೆ ಸೇರುತ್ತವೆ. ಸುಯ್ ಹೆಚ್ಚುತ್ತೆ, ಕೀರಲು ಸವೆಯುತ್ತೆ, ಓಲಾಟ ಕೂಡುತ್ತೆ. ಮಿಲಾನ್‌ನ ಮೌರಿಝಿಯೊ ಬಿಯಾಂಕಿ ಅವರ ಎಂಬತ್ತರ ದಶಕದ ಮೊದಲ ವರ್ಷಗಳ ಕೆಲಸ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಿಂಥಸೈಜರ್ ದನಿ ಅಲ್ಲಿ ನಿಧಾನವಾಗಿ ಕೊಳೆಯುತ್ತಾ ಹೋಗುತ್ತೆ. ಆ ಟೇಪಿನ ಮೂರನೇ ನಾಲ್ಕನೇ ಪ್ರತಿ ಕೈಗೆ ಬಂದವರು ಕೇಳಿದ್ದು ಇನ್ನೂ ಕೊಳೆತ ದನಿ. ಯಾವುದು ಅವರು ಮಾಡಿದ್ದು, ಯಾವುದು ಕಾಪಿ ಮಾಡಿದ್ದರಿಂದ ಆದದ್ದು ಅಂತ ಗೆರೆ ಎಳೆಯುವುದು ಕಷ್ಟ.

ಕೈಕೆಲಸ

ಪ್ಲಾಸ್ಟಿಕ್ ಪೆಟ್ಟಿಗೆ ಬರೀ ತುಂಬಿಡುವ ಡಬ್ಬಿಯಾಗಿ ಉಳಿಯಲಿಲ್ಲ, ಅದೇ ವಾದ್ಯವೂ ಆಯಿತು. ಅತಿ ಸರಳವಾದದ್ದು ಲೂಪ್. ಐದು ಸ್ಕ್ರೂ ಇರುವ ಕ್ಯಾಸೆಟ್ ಒಂದನ್ನು ಬಿಚ್ಚಿ (ಅಂಟಿಸಿದ್ದು ಬೇಡ, ಅದು ಒಡೆಯುತ್ತೆ) ಒಳಗಿನ ಟೇಪನ್ನೆಲ್ಲ ತೆಗೆದುಹಾಕಿ. ಸುಮಾರು 24 ಸೆಂಟಿಮೀಟರ್ ಟೇಪ್ ಕತ್ತರಿಸಿ, ಎರಡು ತುದಿಯನ್ನೂ ಒಂದಕ್ಕೊಂದು ತಾಗಿಸಿ ಸ್ಪ್ಲೈಸಿಂಗ್ ಟೇಪಿನಿಂದ ಅಂಟಿಸಿ. ಆ ಉಂಗುರವನ್ನು ಒಂದು ಚಕ್ರ ಮತ್ತು ಮೂಲೆಯ ಉರುಳೆಗಳ ಸುತ್ತ ತಿರುಗಿಸಿ ಮುಚ್ಚಿ. ಸೆಕೆಂಡಿಗೆ 4.76 ಸೆಂಟಿಮೀಟರ್ ಲೆಕ್ಕದಲ್ಲಿ ಐದು ಸೆಕೆಂಡಿನ ಸದ್ದು ಕೊನೆಯಿಲ್ಲದೆ ಸುತ್ತುತ್ತಾ ಇರುತ್ತೆ. ಟೇಪ್ ಬಿಗಿಯಾದರೆ ಸಿಕ್ಕಿಹಾಕಿಕೊಳ್ಳುತ್ತೆ, ಸಡಿಲವಾದರೆ ಯಂತ್ರ ಅದನ್ನು ನುಂಗಿಬಿಡುತ್ತೆ, ಆದ್ದರಿಂದ ಮೊದಲ ಸಲಕ್ಕೇ ಸರಿಬರುತ್ತೆ ಅಂತ ಯಾರೂ ಅಂದುಕೊಳ್ಳಬೇಡಿ. ಲೂಪ್ ತಯಾರಾದ ಮೇಲೆ, ಹಳೆಯ ದನಿ ಅಳಿಸುವ ಎರೇಸ್ ಹೆಡ್‌ಗೆ ಒಂದು ಚೂರು ಪ್ಲಾಸ್ಟಿಕ್ ಅಡ್ಡ ಇಟ್ಟು ರೆಕಾರ್ಡ್ ಒತ್ತಿದರೆ ಹಳೆಯದು ಪೂರ್ತಿ ಅಳಿಸುವುದಿಲ್ಲ, ಹೊಸದು ಅದರ ಮೇಲೆ ಕೂರುತ್ತೆ. ಒಂದೊಂದು ಸುತ್ತಿಗೂ ಒಂದು ಪದರ.

ಟೇಪನ್ನು ತಡೆದು ನಿಲ್ಲಿಸುವ ಪಾಸ್ (pause) ಬಟನ್ ಇನ್ನೊಂದು ವಾದ್ಯ. ರೇಡಿಯೊ, ಟಿವಿ ಸುದ್ದಿ, ಧರ್ಮಪ್ರಚಾರಕರ ಭಾಷಣ ಎಲ್ಲವನ್ನೂ ಪಾಸ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ತುಂಡು ತುಂಡಾಗಿ ಜೋಡಿಸುವುದು. ಈ ಚಾಳಿಯ ಹಿಂದೆ ಲೇಖಕ ವಿಲಿಯಂ ಬರೋಸ್ ಇದ್ದಾರೆ. ಬರಹವನ್ನೂ ಟೇಪನ್ನೂ ಕತ್ತರಿಸಿ ಅಡ್ಡಾದಿಡ್ಡಿ ಜೋಡಿಸಿದರೆ ಅಡಗಿದ ಅರ್ಥ ಹೊರಗೆ ಬರುತ್ತೆ ಅನ್ನುವುದು ಅವರ ವಾದ. ಇಂಡಸ್ಟ್ರಿಯಲ್ ರೆಕಾರ್ಡ್ಸ್ 1981ರಲ್ಲಿ ಅವರ ಹಳೆಯ ಟೇಪ್ ಪ್ರಯೋಗಗಳನ್ನೇ ಒಂದು ಪ್ಲೇಟಾಗಿ ತಂದಿತು.

ಎಲೆಕ್ಟ್ರಾನಿಕ್ ಸಾಮಾನೂ ಹೆಚ್ಚಾಗಿ ಕೈಯಲ್ಲೇ ಮಾಡಿದ್ದು. ಥ್ರಾಬಿಂಗ್ ಗ್ರಿಸಲ್‌ನ ಆ ಗರಗರ ಸದ್ದಿನ ಬಹುಪಾಲು ಗ್ರಿಸಲೈಸರ್ ಅನ್ನುವ ಡಬ್ಬಿಯದ್ದು. ಎಪ್ಪತ್ತರ ದಶಕದಲ್ಲಿ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್ ಅನ್ನುವ ಹವ್ಯಾಸಿಗಳ ಪತ್ರಿಕೆಯಲ್ಲಿ ಬಂದ ಗಿಟಾರ್ ಎಫೆಕ್ಟ್ ಸರ್ಕ್ಯೂಟನ್ನು ಕ್ರಿಸ್ ಕಾರ್ಟರ್ ತಮಗೆ ಬೇಕಾದ ಹಾಗೆ ತಿದ್ದಿ ಕಟ್ಟಿದರು. 1979ರಲ್ಲಿ ಟಿಯಾಕ್ ಕಂಪನಿ ಪೋರ್ಟಸ್ಟುಡಿಯೊ 144 ತಂದಿತು. ಮಾಮೂಲಿ ಕ್ಯಾಸೆಟ್ಟಿನ ನಾಲ್ಕೂ ದಾರಿಯನ್ನು ಒಂದೇ ದಿಕ್ಕಿಗೆ, ದುಪ್ಪಟ್ಟು ವೇಗದಲ್ಲಿ ಬಳಸಿ, ಒಂದರ ಮೇಲೊಂದು ನಾಲ್ಕು ಪದರ ರೆಕಾರ್ಡ್ ಮಾಡುವ ಯಂತ್ರ ಅದು. ಮನೆಯ ಮೇಜಿನ ಮೇಲೆ ಹಿಡಿಸುವ ಸ್ಟುಡಿಯೊ.

ಯಂತ್ರವೂ ಬೇಡ, ಜಾಗ ಸಾಕು ಅಂದವರೂ ಇದ್ದರು. 1980ರ ಜೂನ್‌ನಲ್ಲಿ ಬ್ಲಿಕ್ಸಾ ಬಾರ್ಗೆಲ್ಡ್ ಮತ್ತು ಆಂಡ್ರ್ಯೂ ಉನ್ರೂ ಪಶ್ಚಿಮ ಬರ್ಲಿನ್ನಿನ ಒಂದು ಹೆದ್ದಾರಿ ಸೇತುವೆಯ ಟೊಳ್ಳಿನೊಳಗೆ ನುಸುಳಿ, ಅಲ್ಲಿನ ಗೋಡೆಗಳನ್ನು ಬಡಿದು ಕ್ಯಾಸೆಟ್ ರೆಕಾರ್ಡರಿಗೆ ಹಿಡಿದರು. ತಲೆಯ ಮೇಲೆ ಕಾರುಗಳು ಓಡುತ್ತಿದ್ದವು. ಐನ್‌ಸ್ಟುರ್ಜೆಂಡೆ ನೊಯ್‌ಬೌಟೆನ್ ಅನ್ನುವ ಅವರ ತಂಡದ ಮೊದಮೊದಲ ಟೇಪುಗಳಲ್ಲಿ ಇದೂ ಒಂದು. ಅದೇ ಊರಿನ ಕಾನ್ರಾಡ್ ಶ್ನಿಟ್ಸ್ಲರ್ ಇನ್ನೂ ಮುಂದೆ ಹೋದರು. ಬೇರೆ ಬೇರೆ ಕ್ಯಾಸೆಟ್‌ಗಳಲ್ಲಿ ಬೇರೆ ಬೇರೆ ದನಿ ತುಂಬಿ, ಕಛೇರಿಯಲ್ಲಿ ಹಲವು ಪ್ಲೇಯರ್‌ಗಳನ್ನು ಒಟ್ಟಿಗೆ ಓಡಿಸಿ ಅಲ್ಲೇ ಬೆರೆಸುತ್ತಿದ್ದರು. ಕ್ಯಾಸೆಟ್ಟೇ ಅವರ ವಾದ್ಯಮೇಳ.

ಅಂಚೆಯ ಜಾಲ

ಈಗ ನನಗೆ ಅತಿ ಮುಖ್ಯ ಅನ್ನಿಸುವ ಭಾಗ. ಪ್ಲೇಟ್ ಒತ್ತಿಸಬೇಕಾದರೆ ಕಾರ್ಖಾನೆಗೆ ಹೋಗಬೇಕು, ಅಚ್ಚು ಮಾಡಿಸಬೇಕು, ನೂರಾರು ಪ್ರತಿಗೆ ಮೊದಲೇ ದುಡ್ಡು ಕಟ್ಟಬೇಕು. ಮಾರಾಟ ಆಗದಿದ್ದರೆ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳು. ಕ್ಯಾಸೆಟ್ ಹಾಗಲ್ಲ. ಯಾರೋ ಒಬ್ಬರು ಕಾಗದ ಬರೆದು ಕೇಳಿದರೆ ಒಂದು ಪ್ರತಿ ಮಾಡಿದರಾಯಿತು. ಹತ್ತು ಜನ ಕೇಳಿದರೆ ಹತ್ತು. ಯಾರೂ ಕೇಳದಿದ್ದರೆ ಖರ್ಚು ಸೊನ್ನೆ. ಎರಡು ಟೇಪ್ ಡೆಕ್, ಒಂದು ವೈರು, ಜೆರಾಕ್ಸ್ ಮಾಡಿಸಿದ ಕವರು. ಲೇಬಲ್ ಅಂದರೆ ಇಷ್ಟೇ.

ಹಂಚಿಕೆ ಅಂಚೆಯಲ್ಲಿ. ಕವರಿನ ಮೇಲೆ ವಿಳಾಸ ಇರುತ್ತಿತ್ತು. ಖಾಲಿ ಕ್ಯಾಸೆಟ್ ಮತ್ತು ವಾಪಸ್ ಅಂಚೆಯ ಖರ್ಚು ಕಳಿಸಿದರೆ ಅದರಲ್ಲೇ ತುಂಬಿ ಕಳಿಸುತ್ತಿದ್ದರು. ಇಲ್ಲವಾದರೆ ನಿನ್ನದೊಂದು ಕೊಡು, ನನ್ನದೊಂದು ತಗೋ. ಹೀಗೆ ದುಡ್ಡೇ ಇಲ್ಲದೆ ಟೇಪುಗಳು ದೇಶ ದಾಟಿದವು. ಇದಕ್ಕೆ ಮೊದಲೇ ಮೇಲ್ ಆರ್ಟ್ ಅನ್ನುವ ಜಾಲ ಇತ್ತು, ಕಲಾವಿದರು ಕೊಲಾಜ್ ಮಾಡಿದ, ಅಂದರೆ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ, ಕಾರ್ಡುಗಳನ್ನು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸುವ ಆಟ. ಜೆನೆಸಿಸ್ ಪಿ-ಆರಿಜ್ ಅಂಥ ಕಾರ್ಡುಗಳಿಗಾಗಿ 1976ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ಅಶ್ಲೀಲದ ಆರೋಪಕ್ಕೆ ದಂಡ ತೆತ್ತದ್ದೂ ಉಂಟು. ಕ್ಯಾಸೆಟ್ ಬಂದಾಗ ಈ ಜಾಲದ ವಿಳಾಸಗಳು ಆಗಲೇ ಇದ್ದವು, ಲಕೋಟೆಯಲ್ಲಿ ಕಾರ್ಡಿನ ಜೊತೆ ಸದ್ದೂ ಸೇರಿತು ಅಷ್ಟೇ.

ಟೋಕಿಯೊದ ಮಸಾಮಿ ಅಕಿತಾ ಇದಕ್ಕೆ ಒಳ್ಳೆಯ ಉದಾಹರಣೆ. 1979ರಿಂದ ಮೆರ್ಜ್‌ಬೋ ಹೆಸರಿನಲ್ಲಿ ಗದ್ದಲ ಮಾಡುತ್ತಿರುವವರು. ಆ ಹೆಸರು ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ ಕಟ್ಟಿದ ಮೆರ್ಜ್‌ಬೌ ಅನ್ನುವ ಕೃತಿಯಿಂದ ಬಂದದ್ದು. ಬಿಸಾಡಿದ ಸಾಮಾನನ್ನು ಕಲೆ ಮಾಡಿದವರು ಶ್ವಿಟರ್ಸ್. ಅಕಿತಾ ಕೂಡ ಅದನ್ನೇ ಮಾಡಿದರು: ಫೀಡ್‌ಬ್ಯಾಕ್ (ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋಗಿ ಹುಟ್ಟುವ ಕೂಗು), ಮುರಿದ ಉಪಕರಣ, ಲೋಹದ ಚೂರು ಸೇರಿಸಿ ತಮ್ಮದೇ ಲೇಬಲ್‌ನಲ್ಲಿ ಕ್ಯಾಸೆಟ್ ತುಂಬಿ, ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳ ಕೊಲಾಜನ್ನು ಜೆರಾಕ್ಸ್ ಮಾಡಿ ಕವರ್ ಹಾಕಿ ಅಂಚೆಗೆ ಹಾಕಿದರು. 2000ದಲ್ಲಿ ಆಸ್ಟ್ರೇಲಿಯಾದ ಎಕ್ಸ್‌ಟ್ರೀಮ್ ಲೇಬಲ್ ಅವರ ಕೆಲಸವನ್ನು ಸೇರಿಸಿ 50 ಸಿಡಿಗಳ ಒಂದು ಪೆಟ್ಟಿಗೆ ತಂದಿತು. ಅದರ ಒಂದು ದೊಡ್ಡ ಪಾಲು ಹಳೆಯ ಕ್ಯಾಸೆಟ್‌ಗಳಿಂದಲೇ ಬಂದದ್ದು.

ಅಮೆರಿಕದಲ್ಲಿ ಅಲ್ ಮಾರ್ಗೊಲಿಸ್ ಎಂಬತ್ತರ ದಶಕದ ಮಧ್ಯದಿಂದ ಸೌಂಡ್ ಆಫ್ ಪಿಗ್ ಅನ್ನುವ ಲೇಬಲ್ ಮೂಲಕ ನೂರಾರು ಟೇಪು ಹೊರಗೆ ತಂದರು. ನ್ಯೂಯಾರ್ಕಿನಲ್ಲಿ 1983ರಲ್ಲಿ ಟೆಲಸ್ ಅನ್ನುವ ಪತ್ರಿಕೆ ಶುರುವಾಯಿತು. ಚಂದಾದಾರರಿಗೆ ಕಾಗದದ ಬದಲು ಕ್ಯಾಸೆಟ್ ಬರುತ್ತಿತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ಟಾಲ್‌ಪ್ಲಾಟ್, ಇಂಗ್ಲೆಂಡಿನಲ್ಲಿ ಬ್ರೋಕನ್ ಫ್ಲಾಗ್, ಹೀಗೆ ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ.

ಇದೇ ಹೊತ್ತಿಗೆ ದೊಡ್ಡ ಕಂಪನಿಗಳು ಕ್ಯಾಸೆಟ್ ಕಂಡರೆ ಉರಿದುಬೀಳುತ್ತಿದ್ದವು. ಮನೆಯಲ್ಲಿ ಕಾಪಿ ಮಾಡುವುದರಿಂದ ಸಂಗೀತ ಸಾಯುತ್ತಿದೆ ಅಂತ ಬ್ರಿಟನ್ನಿನ ರೆಕಾರ್ಡ್ ಕಂಪನಿಗಳ ಒಕ್ಕೂಟ 1981ರಲ್ಲಿ ದೊಡ್ಡ ಪ್ರಚಾರ ನಡೆಸಿತು. ಅಮೆರಿಕದ ಪಂಕ್ ತಂಡ ಡೆಡ್ ಕೆನಡೀಸ್ ಅದೇ ವರ್ಷದ ತಮ್ಮ ಕ್ಯಾಸೆಟ್‌ನ ಒಂದು ಸೈಡನ್ನು ಖಾಲಿ ಬಿಟ್ಟು, ಕಾಪಿ ಮಾಡಿಕೊಳ್ಳಲು ನಿಮಗೆ ಅನುಕೂಲ ಆಗಲಿ ಅಂತ ಬಿಟ್ಟಿದ್ದೇವೆ ಅಂತ ಬರೆದು ಗೇಲಿ ಮಾಡಿತು. ಇಂಡಸ್ಟ್ರಿಯಲ್ ಜಾಲದವರಿಗೆ ಈ ಜಗಳವೇ ಸಂಬಂಧ ಇಲ್ಲದ್ದು. ಅವರಿಗೆ ಕಾಪಿ ಮಾಡುವುದು ಕಳ್ಳತನ ಅಲ್ಲ, ಅದೇ ಪ್ರಕಟಣೆ.

ಬೇಡ ಅನ್ನುವವರು ಇಲ್ಲದಿದ್ದರೆ

ಇದಕ್ಕೆ ಇನ್ನೊಂದು ಮುಖವೂ ಇದೆ, ಅಭಿಮಾನಿಗಳು ಅದರ ಬಗ್ಗೆ ಮಾತಾಡುವುದು ಕಡಿಮೆ.

ತಡೆಯುವವರೇ ಇಲ್ಲ ಅಂದ ಮೇಲೆ ಕಸವೂ ಬಂತು. ಸುಮ್ನೆ ಡಿಸ್ಟಾರ್ಷನ್ ಪೆಡಲ್ ಆನ್ ಮಾಡಿ ಅರ್ಧ ಗಂಟೆ ಬಿಟ್ಟ ಟೇಪುಗಳು ಲೆಕ್ಕವಿಲ್ಲದಷ್ಟು. ತಿಂಗಳಿಗೊಂದು ಕ್ಯಾಸೆಟ್ ಹೊರಗೆ ತರುವುದು ಸುಲಭವಾದಾಗ ತಮ್ಮ ಕೆಲಸವನ್ನೇ ಜರಡಿ ಹಿಡಿಯುವ ಅಭ್ಯಾಸ ಹೋಗುತ್ತೆ. ಕೇಳುವವನೇ ಜರಡಿ ಹಿಡಿಯಬೇಕು.

ಕಸ ಅಷ್ಟು ದೊಡ್ಡ ತೊಂದರೆಯೂ ಅಲ್ಲ. ಚಿತ್ರಗಳದ್ದು ದೊಡ್ಡ ತೊಂದರೆ. ನಾಝಿ ಶಿಬಿರ, ಸರಣಿ ಕೊಲೆಗಾರರು, ಅತ್ಯಾಚಾರ, ಇವೆಲ್ಲ ಕವರ್ ಚಿತ್ರ ಮತ್ತು ಹೆಸರುಗಳಾಗಿ ಬಂದವು. ಅಧಿಕಾರ ಹೇಗೆ ಕೆಲಸ ಮಾಡುತ್ತೆ, ಸುದ್ದಿ ಮಾಧ್ಯಮ ಏನನ್ನು ಮುಚ್ಚಿಡುತ್ತೆ ಅಂತ ತೋರಿಸಲು ಬಳಸುತ್ತಿದ್ದೇವೆ ಅಂತ ಥ್ರಾಬಿಂಗ್ ಗ್ರಿಸಲ್‌ನಂಥವರು ಹೇಳುತ್ತಿದ್ದರು, ಅವರ ಕೆಲಸದಲ್ಲಿ ಆ ಯೋಚನೆ ಅಲ್ಲಲ್ಲಿ ಕಾಣುತ್ತೆ ಕೂಡ. ಅವರ ನಂತರ ಬಂದ ಪವರ್ ಎಲೆಕ್ಟ್ರಾನಿಕ್ಸ್ ಅನ್ನುವ ಕವಲಿನಲ್ಲಿ, ಅಂದರೆ ಕಿವಿ ಕೊರೆಯುವ ಫೀಡ್‌ಬ್ಯಾಕ್ ಮೇಲೆ ಅರಚಾಟ ಇರುವ ಪ್ರಕಾರದಲ್ಲಿ, ಎಷ್ಟೋ ಕಡೆ ಯೋಚನೆ ಬಿಟ್ಟುಹೋಗಿ ಬರೀ ಬೆಚ್ಚಿಬೀಳಿಸುವ ಚಟ ಉಳಿಯಿತು. ಕೆಲವರು ನಿಜಕ್ಕೂ ಆ ರಾಜಕೀಯವನ್ನೇ ನಂಬುತ್ತಿದ್ದರು. ಹೊರಗಿನಿಂದ ಇದನ್ನೆಲ್ಲ ಬಿಡಿಸುವುದು ಕಷ್ಟ, ಯಾಕೆಂದರೆ ಕವರಿನ ಮೇಲೆ ವಿವರಣೆಯೇ ಇರುತ್ತಿರಲಿಲ್ಲ. ಏನೂ ಹೇಳದಿರುವುದನ್ನೇ ದೊಡ್ಡ ಧೈರ್ಯ ಅಂದುಕೊಂಡವರ ಬಗ್ಗೆ ನನಗೆ ಗೌರವ ಇಲ್ಲ. ಕೇಳುವ ಮೊದಲು ಯಾರು, ಎಲ್ಲಿಯವರು, ಏನು ಹೇಳಿಕೊಂಡಿದ್ದಾರೆ ಅಂತ ಹುಡುಕಿ ನೋಡಿ.

ಹೋದದ್ದು, ಮರಳಿದ್ದು

ತೊಂಬತ್ತರ ದಶಕದಲ್ಲಿ ಸಿಡಿ ಎಲ್ಲ ಕಡೆ ಹರಡಿತು, ಆಮೇಲೆ ಮನೆಯಲ್ಲೇ ಬರೆಯುವ ಸಿಡಿಆರ್ ಅಗ್ಗವಾಯಿತು, ಆಮೇಲೆ ಎಂಪಿ3. ಅಗ್ಗದ ಕಾರಣಕ್ಕೆ ಕ್ಯಾಸೆಟ್ ಹಿಡಿದವರು ಅದೇ ಕಾರಣಕ್ಕೆ ಅದನ್ನು ಬಿಟ್ಟರು. ಪೂರ್ತಿ ಸಾಯಲಿಲ್ಲ ಅಷ್ಟೇ. ಮ್ಯಾಸಚೂಸೆಟ್ಸ್‌ನ ಲೊವೆಲ್ ಊರಿನ ಆರ್‌ಆರ್‌ರೆಕಾರ್ಡ್ಸ್ ನಡೆಸುತ್ತಿದ್ದ ರಾನ್ ಲೆಸಾರ್ಡ್ ರೀಸೈಕಲ್ಡ್ ಮ್ಯೂಸಿಕ್ ಅನ್ನುವ ಸರಣಿ ಮಾಡಿದರು. ಬಳಸಿ ಬಿಟ್ಟ ಪಾಪ್ ಕ್ಯಾಸೆಟ್‌ಗಳ ಮೇಲೇ ನಾಯ್ಸ್ (ಗದ್ದಲದ ಸಂಗೀತ) ಕಲಾವಿದರ ಕೆಲಸವನ್ನು ತುಂಬಿ, ಹಳೆಯ ಕವರಿನ ಮೇಲೆ ಅಗಲವಾದ ಅಂಟು ಟೇಪು ಅಂಟಿಸಿ, ಮಾರ್ಕರ್‌ನಿಂದ ಹೆಸರು ಬರೆದು ಮಾರುವುದು. ನನಗೆ ತುಂಬಾ ಇಷ್ಟವಾದ ಐಡಿಯಾ ಇದು. ಹೆಡ್ ಒಂದಿಷ್ಟು ಆಚೀಚೆ ಇದ್ದರೆ ಹಳೆಯದು ಪೂರ್ತಿ ಅಳಿಯುವುದಿಲ್ಲವಲ್ಲ, ಆಗ ಗದ್ದಲದ ಸಂದಿಯಲ್ಲಿ ಯಾವುದೋ ಪ್ರೇಮಗೀತೆ ಇಣುಕಬಹುದು.

2000ದ ನಂತರ ಮಿಷಿಗನ್‌ನ ವುಲ್ಫ್ ಐಸ್ ತಂಡ ಮತ್ತು ಅದರ ಸುತ್ತಲಿನ ಅಮೆರಿಕನ್ ಟೇಪ್ಸ್, ಹ್ಯಾನ್ಸನ್ ಲೇಬಲ್‌ಗಳು ಕ್ಯಾಸೆಟ್ಟನ್ನು ಮತ್ತೆ ಬಳಕೆಗೆ ತಂದವು. 2008ರಲ್ಲಿ, ಕಲಾವಿದರು ತಮ್ಮ ಸಂಗೀತ ತಾವೇ ಮಾರುವ ಜಾಲತಾಣವಾದ ಬ್ಯಾಂಡ್‌ಕ್ಯಾಂಪ್ ಬಂದ ಮೇಲೆ ಫೈಲ್ ಅಲ್ಲಿ, ವಸ್ತು ಇಲ್ಲಿ ಅನ್ನುವ ಏರ್ಪಾಡು ಗಟ್ಟಿಯಾಯಿತು. ಐವತ್ತು, ನೂರು ಪ್ರತಿ ಕ್ಯಾಸೆಟ್, ಜೊತೆಗೆ ಡೌನ್‌ಲೋಡ್ ಕೋಡ್. ಅಮೆರಿಕದ ಮಿಸೌರಿಯ ನ್ಯಾಷನಲ್ ಆಡಿಯೊ ಕಂಪನಿ ಇದಕ್ಕೆ ಈಗಲೂ ಕ್ಯಾಸೆಟ್ ಮಾಡಿಕೊಡುತ್ತೆ.

ಆದರೆ ಲೆಕ್ಕ ಈಗ ತಲೆಕೆಳಗಾಗಿದೆ. ಇವತ್ತು ಅತಿ ಅಗ್ಗದ ದಾರಿ ಅಂದರೆ ಫೈಲ್ ಅಪ್‌ಲೋಡ್ ಮಾಡುವುದು. ಕ್ಯಾಸೆಟ್ ಮಾಡುವವರು ಬೇಕು ಅಂತಲೇ ಖರ್ಚು ಮಾಡುತ್ತಿದ್ದಾರೆ, ಕೈಗೆ ಸಿಗುವ ವಸ್ತುವಿಗಾಗಿ, ಆ ಸೌಂಡಿಗಾಗಿ. ತಪ್ಪೇನಿಲ್ಲ. ಆದರೆ 1982ರಲ್ಲಿ ಖಾಲಿ ಟೇಪ್ ಕಳಿಸಿ ಕಾಯುತ್ತಿದ್ದವನ ಕೆಲಸ ಮತ್ತು ಇವತ್ತು ಬಣ್ಣದ ಶೆಲ್‌ನ ಲಿಮಿಟೆಡ್ ಎಡಿಷನ್ ಬುಕ್ ಮಾಡುವವನ ಕೆಲಸ ಒಂದೇ ಅಂತ ಹೇಳಿದರೆ ಒಪ್ಪುವುದು ಕಷ್ಟ. ಇನ್ನೂ ತಮಾಷೆ ಅಂದರೆ, ಪ್ಲೇಟ್ ಒತ್ತಿಸಲು ದುಡ್ಡಿಲ್ಲದೆ ಕ್ಯಾಸೆಟ್‌ನಲ್ಲಿ ಬಂದ ಎಷ್ಟೋ ಕೆಲಸಗಳನ್ನು ಜರ್ಮನಿಯ ವಿನೈಲ್-ಆನ್-ಡಿಮಾಂಡ್ ಲೇಬಲ್ ಈಗ ದಪ್ಪ ದಪ್ಪ ವಿನೈಲ್ ಪೆಟ್ಟಿಗೆಗಳಾಗಿ ಸಂಗ್ರಹಕಾರರಿಗೆ ತರುತ್ತಿದೆ.

ಕೇಳಬೇಕು ಅಂದರೆ

ಹೊಸಬರು ಮೆರ್ಜ್‌ಬೋದಿಂದ ಶುರು ಮಾಡಬೇಡಿ. ಐದು ನಿಮಿಷಕ್ಕೆ ಬಂದ್ ಮಾಡಿ ಇಡೀ ಪ್ರಕಾರದ ಮೇಲೇ ತೀರ್ಪು ಕೊಟ್ಟುಬಿಡುತ್ತೀರಿ. ಕ್ರಿಸ್ ಕಾರ್ಟರ್ 1980ರಲ್ಲಿ ಕ್ಯಾಸೆಟ್‌ನಲ್ಲೇ ತಂದ "ದ ಸ್ಪೇಸ್ ಬಿಟ್ವೀನ್" ಒಳ್ಳೆಯ ಬಾಗಿಲು. ಸಿಂಥಸೈಜರ್ ತಾಳ, ಮೆದುವಾದ ಸ್ವರ, ಹೆದರಿಸುವಂಥದ್ದು ಏನಿಲ್ಲ. ಆಮೇಲೆ ಕ್ಯಾಬರೆ ವೋಲ್ಟೇರ್‌ನ ಅಟ್ಟದ ಟೇಪುಗಳು. ಅದು ಹಿಡಿಸಿದರೆ ಎಸ್ಪ್ಲೆಂಡೋರ್ ಜಿಯೊಮೆಟ್ರಿಕೊ, ಬಿಯಾಂಕಿ. ಮೆರ್ಜ್‌ಬೋ ಕೊನೆಗೆ. ಅಲ್ಲಿ ರಾಗ ಹುಡುಕಬೇಡಿ, ಸದ್ದಿನ ಪದರಗಳು ಎಲ್ಲಿ ಬದಲಾಗುತ್ತವೆ ಅಂತ ಗಮನಿಸಿ. ವಾಲ್ಯೂಮ್ ಕಡಿಮೆ ಇಟ್ಟರೂ ನಡೆಯುತ್ತೆ, ಹೆಡ್‌ಫೋನ್‌ನಲ್ಲಂತೂ ಕಡಿಮೆಯೇ ಇರಲಿ. ಕಿವಿ ಹಾಳು ಮಾಡಿಕೊಂಡರೆ ಯಾರೂ ಮೆಡಲ್ ಕೊಡುವುದಿಲ್ಲ. ಜಾಲದ ಅಗಲ ಎಷ್ಟಿತ್ತು ಅಂತ ನೋಡಬೇಕಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ನಾಯ್ಸ್-ಆರ್ಚ್ ಅನ್ನುವ ಸಂಗ್ರಹ ಇದೆ. ಟೊರೊಂಟೊದ ಒಬ್ಬ ರೇಡಿಯೊ ನಿರೂಪಕರು ಕೊಟ್ಟ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಹಾಕಿದ್ದಾರೆ.

ನಿಮ್ಮ ಕೈಗೇ ಇಂಥ ಹಳೆಯ ಕ್ಯಾಸೆಟ್ ಸಿಕ್ಕಿದರೆ ಮೊದಲು ಟೇಪಿನ ಹಿಂದೆ ಇರುವ ಸಣ್ಣ ಫೆಲ್ಟ್ ತುಂಡು ನೋಡಿ. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ, ಹಳೆಯದಾದ ಮೇಲೆ ಅಂಟು ಬಿಟ್ಟು ಉದುರುತ್ತೆ. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಪೂರ್ತಿ ಸುತ್ತಿಸಿ, ಆಮೇಲೆ ಪ್ಲೇ ಮಾಡಿ. ದನಿ ತೀರಾ ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ ಕೀರಲು ಭಾಗ ಚೆನ್ನಾಗಿ ಕೇಳುವ ಜಾಗಕ್ಕೆ ತನ್ನಿ. ಕವರಿನ ಮೇಲೆ ಡಾಲ್ಬಿ ಅಂತ ಬರೆದಿರದಿದ್ದರೆ ಡಾಲ್ಬಿ ಆಫ್ ಇರಲಿ. ಕಂಪ್ಯೂಟರಿಗೆ ಹಾಕಿದ ಮೇಲೆ ಸುಯ್ ತೆಗೆಯುವ ಸಾಫ್ಟ್‌ವೇರ್ ಮಾತ್ರ ಓಡಿಸಬೇಡಿ, ಯಾವ ಸುಯ್ ಕಲಾವಿದರು ಬೇಕು ಅಂತ ಹಾಕಿದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕವರನ್ನು ಎರಡೂ ಬದಿ ಸ್ಕ್ಯಾನ್ ಮಾಡಿ ಫೈಲ್ ಜೊತೆಗೇ ಇಡಿ. ಎಷ್ಟೋ ಟೇಪುಗಳಲ್ಲಿ ಯಾರು, ಯಾವಾಗ, ಎಲ್ಲಿ ಅನ್ನುವ ಮಾಹಿತಿ ಇರುವುದು ಆ ಜೆರಾಕ್ಸ್ ಚೀಟಿಯಲ್ಲಿ ಮಾತ್ರ.